ಹದಿನಾಲ್ಕು–ಹದಿನಾಲ್ಕು

ಆ ಆಟದಲ್ಲಿ ಅವನು ಒಂಬತ್ತು ಲಕ್ಷ ಸಲ ಗೆದ್ದಿದ್ದ! ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕಾಲ್ಬೆರಳಲ್ಲಿ ನಾಬ್ ತಿರುಗಿಸಿ ಆಡಿದರೂ ಅವನನ್ನು ಸೋಲಿಸುವ ಗಂಡು ಭೂಮಿಯ ಮೇಲೆ ಹುಟ್ಟಿರಲಿಲ್ಲ. ಅವನು ಬಂದ ಎಂದರೆ ಟಿವಿಯೊಳಗಿನ ಚೆಂಡು ಬೆವರುತ್ತಿತ್ತು.

ಹೆಣ್ಣು? ಒಬ್ಬಳಿದ್ದಳು. ಒಂದೇ ಒಂದು ಸಲ...

ಅವಳು ಟಿವಿ ರಿಪೇರಿ ಅಂಗಡಿಯವಳು. ಅಂದು ಬೆಳಿಗ್ಗೆ ಯಾರದೋ ಮಿಕ್ಸಿಯನ್ನು ಬಿಚ್ಚಿ ಮೇಜಿನ ತುಂಬಾ ಹರಡಿಕೊಂಡಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

"ಡಾಕ್ಟ್ರೇ, ಒಂದು ರೋಗಿ ಇದೆ. ನೋಡ್ತೀರಾ?"

ಸ್ಕ್ರೂಡ್ರೈವರ್ ಕೈಯಿಂದ ಜಾರಿತು! ಅವಳನ್ನು ಹಾಗೆ ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಅದೂ ಇಪ್ಪತ್ತನಾಲ್ಕು ವರ್ಷದ ಹಿಂದೆ. ಅರ್ಧ ಕೂದಲು ಉದುರಿದೆ... ಕಣ್ಣು ಮಾತ್ರ ಅವೇ. ಸುಳ್ಳು ಹೇಳುವ ಮುಂಚೆ ನಗುವ ಕಣ್ಣು.

"ಬಡಾಯಿ..." ಎಂದಳು. ಅದು ಅವಳೇ ಇಟ್ಟ ಹೆಸರು.

ಅವನು ಕಂಕುಳಲ್ಲಿದ್ದ ಗಂಟನ್ನು ಇಳಿಸಿ, ಹಳೇ ಬೆಡ್‌ಶೀಟ್ ಬಿಚ್ಚಿದ. ಮರದ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ತುದಿಗೆ ಎರಡು ನಾಬ್. ಟಿವಿಗೆ ಸಿಕ್ಕಿಸಿದರೆ ಕಪ್ಪು ಪರದೆಯ ಮೇಲೆ ಎರಡು ಬಿಳಿ ಗೀಟು, ನಡುವೆ ಒಂದು ಚುಕ್ಕೆ. ಗೀಟೇ ಬ್ಯಾಟು, ಚುಕ್ಕೆಯೇ ಚೆಂಡು. ಬೇರೆ ಆಟ ಅದರಲ್ಲಿಲ್ಲ, ಹಾಕಲೂ ಬರುವುದಿಲ್ಲ.

ಟಕ್... ಟಕ್... ಪೆಟ್ಟಿಗೆ ಸುಮ್ಮನಿದ್ದರೂ ಅವಳ ಕಿವಿಯಲ್ಲಿ ಆ ಸದ್ದು ಶುರುವಾಗಿತ್ತು.

ಆಗ ಅವನು ಎದುರಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಈ ಪೆಟ್ಟಿಗೆಯನ್ನು ಆಡಿ ತೋರಿಸುತ್ತಿದ್ದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದನ್ನೇ ಎತ್ತಿಕೊಂಡು ಇಲ್ಲಿಗೆ ಬರುತ್ತಿದ್ದ. ಒಳಗೆ ಅಪ್ಪನ ಗೊರಕೆ. ಹೊರಗೆ ರಿಪೇರಿಗೆ ಬಂದ ಯಾರದೋ ಟಿವಿ ಮುಂದೆ ಇವರಿಬ್ಬರು.

"ಏನೇ ಅದು ಸದ್ದು?"

"ಟಿವಿ ಪರೀಕ್ಷೆ ಮಾಡ್ತಿದೀನಿ ಅಪ್ಪಾ!"

"ನಮ್ಮನೇಲಿ ಹದಿನೇಳು ಕೋಣೆ ಡಾಕ್ಟ್ರೇ. ಅಡುಗೆಮನೆಗೆ ಹೋಗ್ಬೇಕಂದ್ರೆ ಸೈಕಲ್ ಬೇಕು," ಎನ್ನುತ್ತಿದ್ದ ಅವನು. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಒಂದು ದಿನ ಅವನೇ ಹೇಳಿದ. "ಹದಿನೈದು ಪಾಯಿಂಟ್. ನಾನು ಗೆದ್ರೆ ನಾಳೇನೇ ನಿಮ್ಮಪ್ಪನ ಹತ್ರ ನಮ್ಮ ಮದುವೆ ಮಾತಾಡ್ತೀನಿ."

"ಸೋತ್ರೆ?"

"ಸೋಲೋದಾ? ನಾನಾ?"

ಹದಿನಾಲ್ಕು–ಹದಿನಾಲ್ಕು. ಕೊನೆಯ ಚೆಂಡು ಅವನ ಕಡೆ ನೇರವಾಗಿ ಹೋಯಿತು. ತೊಟ್ಟಿಲ ಕೂಸೂ ಹೊಡೆಯುವಂಥ ಚೆಂಡು! ಬೇಕೆಂದೇ ಹಾಗೆ ಕಳಿಸಿದ್ದಳು ಅವಳು.

ಅವನ ಬ್ಯಾಟು ಅಲ್ಲಾಡಲಿಲ್ಲ.

"ನಾಬ್ ಹಿಡ್ಕೊಳ್ತು ಡಾಕ್ಟ್ರೇ..." ಎಂದವನು ಪೆಟ್ಟಿಗೆ ಎತ್ತಿಕೊಂಡು ಹೋದ. ಮರುದಿನ ಬರಲಿಲ್ಲ. ಕೊನೆಯ ಸಂಬಳದ ಬದಲು ಆ ಪೆಟ್ಟಿಗೆಯನ್ನೇ ಇಟ್ಟುಕೊಂಡು ಎದುರಿನ ಅಂಗಡಿಯ ಕೆಲಸವನ್ನೂ ಬಿಟ್ಟಿದ್ದ.

'ಕೆಟ್ಟಿದ್ದರೆ ಸರಿಮಾಡಿ ಕೊಡುತ್ತಿದ್ದೆನಲ್ಲ! ಅದೇ ನನ್ನ ಕೆಲಸ ಅಲ್ಲವಾ? ನಿಜವಾಗಲೂ ಕೆಟ್ಟಿತ್ತಾ... ಇಲ್ಲಾ ನಾನೇ ಬೇಡವಾದೆನಾ?'

ಈ ಒಂದು ಪ್ರಶ್ನೆ ಇಟ್ಟುಕೊಂಡು ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಅಪ್ಪ ಅದೇ ಕೊರಗಿನಲ್ಲಿ ಹೋದರು.

ಈಗ ಅವಳು ಕನ್ನಡಕ ಏರಿಸಿದಳು. "ಏನಾಗಿದೆ ಇದಕ್ಕೆ?"

"ಎಡಗಡೆ ನಾಬ್. ಅವತ್ತಿಂದ್ಲೂ ಹಿಡ್ಕೊಳ್ತಿದೆ. ನೀವೇ ಬಿಚ್ಚಿ ನೋಡಿ. ಆಮೇಲಾದ್ರೂ ನನ್ನ ನಂಬ್ತೀರಿ."

ತಿರುಪುಗಳ ಮೇಲೆ ಫ್ಯಾಕ್ಟರಿಯವರು ಹಚ್ಚಿದ್ದ ಕೆಂಪು ಬಣ್ಣ ಒಡೆದಿರಲಿಲ್ಲ. ಇದುವರೆಗೂ ಯಾರೂ ಬಿಚ್ಚಿಲ್ಲ. ನಾಬ್‌ನ ಹೊಟ್ಟೆಯಲ್ಲಿ ರೇಡಿಯೋ ವಾಲ್ಯೂಮಿಗೆ ಇರುವಂಥದ್ದೇ ಕಪ್ಪು ಪಟ್ಟಿ. ಅದು ಸವೆದರೆ ಬ್ಯಾಟು ನಿಂತುಬಿಡುತ್ತದೆ. ಅವಳು ಭೂತಗನ್ನಡಿ ಹಿಡಿದಳು.

'ಒಂದು ಗೀರು ಕಾಣಲಿ ದೇವರೇ... ಒಂದೇ ಒಂದು ಗೀರು!'

ಇರಲಿಲ್ಲ. ಪಟ್ಟಿ ಫಳಫಳ ಹೊಳೆಯುತ್ತಿತ್ತು.

"ಸವೆದಿದ್ದು ತಾನಾಗಿ ವಾಸಿಯಾಗಲ್ಲ, ಬಡಾಯಿ," ಎಂದಳು ಮೆಲ್ಲಗೆ. "ಇದು ಚೆನ್ನಾಗಿದೆ. ಅವತ್ತೂ ಚೆನ್ನಾಗಿತ್ತು."

ಅವನ ನಗುವ ಕಣ್ಣು ನೆಲ ನೋಡಿದವು.

"ಹದಿನೇಳು ಕೋಣೆ ಅಂದಿದ್ದೆ... ಇದ್ದಿದ್ದು ಒಂದು. ಅದ್ರಲ್ಲಿ ಅಕ್ಕ, ಭಾವ, ಅಕ್ಕನ ಹೊಲಿಗೆ ಮೆಷಿನ್ನು. ಮೆಷಿನ್ ಕೆಳಗೆ ನನ್ನ ಹಾಸಿಗೆ. ನಾನು ಗೆದ್ದಿದ್ರೆ ನಿಮ್ಮಪ್ಪ ಮನೆ ನೋಡೋಕೆ ಬರ್ತಿದ್ರು. ಹೆದರಿಬಿಟ್ಟೆ. ಇಷ್ಟು ವರ್ಷದಲ್ಲಿ ತುಕ್ಕಾದ್ರೂ ಹಿಡಿದು ನನ್ನ ಸುಳ್ಳು ನಿಜ ಆಗಿರುತ್ತೆ ಅಂದ್ಕೊಂಡು ತಂದೆ."

ಅವಳು ನಕ್ಕಳು. ಆ ನಗುವಿಗಿಂತ ನಾಲ್ಕು ಏಟು ಕೊಟ್ಟಿದ್ದರೆ ವಾಸಿಯಿತ್ತು.

"ಆ ಮೆಷಿನ್ನಿನ ಮೋಟರ್ ಸುಟ್ಟಾಗ ನಿಮ್ಮಕ್ಕ ಇಲ್ಲಿಗೇ ತಂದಿದ್ರು, ಎದುರಂಗಡೀಲಿರೋ ತಮ್ಮನಿಗೆ ಹೇಳ್ಬೇಡಿ ಅಂತ. ನಿಮ್ಮ ಮನೆಗೆ ಬಂದು ಕೂರಿಸಿ ಹೋಗಿದ್ದು ನಮ್ಮಪ್ಪ. ಒಂದೇ ಕೋಣೆ ಅಂತ ನಮಗಿಬ್ಬರಿಗೂ ಗೊತ್ತಿತ್ತು... ನೀವು ಆ ಬಾಜಿ ಕಟ್ಟೋಕೆ ಮುಂಚೇನೇ!"

"ಗೊತ್ತಿದ್ದೂ... ನೀವು ಯಾಕೆ ಹುಡುಕ್ಕೊಂಡು ಬರಲಿಲ್ಲ?"

"ಬೇಡ ಅಂದೋರ ಬಾಗಿಲು ತಟ್ಟಲಾ?"

ಕೊನೆಗೆ ಅವಳು ತಿರುಪು ಬಿಗಿದು, ಮೂಲೆಯ ಹಳೇ ಟಿವಿಯ ಧೂಳು ಒರೆಸಿ, ವೈರು ಸಿಕ್ಕಿಸಿದಳು.

"ಕ್ಷಮಿಸಿದೀನಿ ಅಂತ ಅಲ್ಲ. ಕೂತ್ಕೊಳ್ಳಿ. ಈ ಸಲ ಕೈ ಬಿಟ್ರೆ ಮುರಿದು ಹಾಕ್ತೀನಿ."

"ಗೆದ್ರೆ ಯಾರ ಹತ್ರ ಮಾತಾಡ್ಲಿ, ಡಾಕ್ಟ್ರೇ? ಅಪ್ಪ ಇಲ್ವಲ್ಲ..."

"ನನ್ನ ಹತ್ರ ಮಾತಾಡಿ. ಅವತ್ತೂ ನನ್ನ ಹತ್ರಾನೇ ಮಾತಾಡ್ಬೇಕಿತ್ತು."

ಟಕ್... ಟಕ್...

ಅವಳ ಮನಸ್ಸಿನೊಳಗಿನ ಮಾತೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಆಮೇಲೆ ಅವಳೇ ಒಂದೊಂದನ್ನೂ ಚುಚ್ಚಿ ಚುಚ್ಚಿ ಹೇಳಿದಳು. ಸಿಕ್ಕಿಬಿದ್ದೆ, ಇನ್ನೇನು ಮುಚ್ಚಿಡಲಿ... ಆ ಬಡಾಯಿ ನಾನೇ. ಒಂಬತ್ತು ಲಕ್ಷ ಸುಳ್ಳು. ನಾವು ಆಡಿದ್ದೇ ನಲವತ್ತೋ ಐವತ್ತೋ ಆಟ, ಎಲ್ಲದರಲ್ಲೂ ಅವಳೇ ಗೆದ್ದಳು. ನಾನು ಗೆಲ್ಲಬಹುದಾಗಿದ್ದದ್ದು ಒಂದೇ ಒಂದು. ಅದನ್ನೇ ಕೈಯಾರೆ ಬಿಟ್ಟೆ.

ಪೆಟ್ಟಿಗೆ ರಿಪೇರಿಗೆ ತಂದ ದಿನವೂ ಅವಳೇ ಗೆದ್ದಳು. ಹದಿನೈದು–ಆರು. ನಾಬ್ ಚೆನ್ನಾಗಿತ್ತು.