ತಿರುವಿನಲ್ಲಿ ಚೆಲ್ಲಿದ ಎಣ್ಣೆ

ಭಾನುವಾರ ಮಧ್ಯಾಹ್ನ ಮಸ್ಕಿ ಠಾಣೆಗೆ ಬಂದ ಜೋಗಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಂಕುಳಲ್ಲಿದ್ದ ಗಂಟನ್ನು ಪಿಎಸ್‌ಐ ರಾಜಶ್ರೀಯ ಮೇಜಿನ ಮೇಲೆ ಇಟ್ಟು ಬಿಚ್ಚಿದಳು. ಶಾಲಾ ಮಕ್ಕಳ ಹೊಸ ಅಂಗಿಗಳು. ಮಡಿಕೆ ಇನ್ನೂ ಬಿಚ್ಚಿರಲಿಲ್ಲ, ಆದರೆ ತುಂಬ ಕಪ್ಪು ಎಣ್ಣೆ, ಮಣ್ಣು, ಒಂದೆರಡರ ಮೇಲೆ ಒಣಗಿದ ರಕ್ತ.

"ನನ್ನ ಗಂಡ ಹೊಲಿದ ಅಂಗಿರೀ ಇವು. ಲಿಂಗಸುಗೂರಿಗೆ ಕೊಡಾಕ ಹೊಂಟಿದ್ದ. ಯಾರೋ ಬೇಕಂತ ರೋಡ್ ಮ್ಯಾಲ ಎಣ್ಣಿ ಸುರುವ್ಯಾರ."

ಗಂಡನ ಹೆಸರು ಮಲ್ಲೇಶ, ಮಸ್ಕಿ ಪೇಟೆಯಲ್ಲಿ ದರ್ಜಿ. ಬೆಳಿಗ್ಗೆ ಏಳರ ಸುಮಾರಿಗೆ ಲಿಂಗಸುಗೂರು ರಸ್ತೆಯ ತಿರುವಿನಲ್ಲಿ ಅವನ ಬೈಕ್ ಜಾರಿತ್ತು. ಬಲಗಾಲು ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ರಾಯಚೂರಿನ ಆಸ್ಪತ್ರೆಗೆ ಒಯ್ದಿದ್ದರು, ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಯಾರ ಮೇಲಾದರೂ ಸಂಶಯ ಇದೆಯಾ?"

"ಇಲ್ಲರೀ. ಯಾರ ತಂಟೆಗೂ ಹೋದಾಂವಲ್ಲ. ಮಷಿನ್ ತುಳಿಯೋ ಕಾಲ ಮುರದೈತ್ರೀ ಮೇಡಮ್. ನಾಳಿಗಿ ಎದ್ದು ಕುಂತ್ರೂ ಏನ್ ಮಾಡ್ತಾನ?"

ರಾಜಶ್ರೀ ದೂರು ಬರೆಸಿಕೊಂಡಳು. ಜೀವಕ್ಕೆ ಅಪಾಯ ತರುವ ಕೃತ್ಯ, ಅದರಿಂದ ತೀವ್ರ ಗಾಯ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಮಿನಡಿ ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಹುಸೇನಪ್ಪನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಬಿಸಿಲಿಳಿಯುವ ಮೊದಲೇ ಅವಳು ಸ್ಥಳಕ್ಕೆ ಹೋದಳು.

ತಿರುವಿನಲ್ಲಿ ಯಾರೋ ಪುಣ್ಯಾತ್ಮರು ಎಣ್ಣೆಯ ಮೇಲೆ ಮಣ್ಣು ಚೆಲ್ಲಿದ್ದರು. ಹುಸೇನಪ್ಪ ಬಗ್ಗಿ ಒಂದು ಬೆರಳಿನಿಂದ ಮಣ್ಣು ಸರಿಸಿ, ಹೆಬ್ಬೆರಳಿಗೆ ಉಜ್ಜಿ ನೋಡಿದ. ಎಷ್ಟೋ ವರ್ಷ ಠಾಣೆಯ ಜೀಪು ಓಡಿಸಿದವನು.

"ಎಂಜಿನ್ ಎಣ್ಣೆ ಮೇಡಮ್. ಇಷ್ಟು ಕರ್ರಗ ಐತಿ ಅಂದ್ರ ಡೀಸೆಲ್ ಗಾಡಿದು."

"ಸುರಿದದ್ದಾ, ಸೋರಿದ್ದಾ?"

ಹುಸೇನಪ್ಪ ತಲೆ ಕೆರೆದುಕೊಂಡ. ರಾಜಶ್ರೀ ಮಸ್ಕಿಯ ಕಡೆಗೆ ರಸ್ತೆಯ ಅಂಚು ಹಿಡಿದು ನಡೆಯತೊಡಗಿದಳು. ಎಣ್ಣೆಯ ಗೆರೆ ತಿರುವಿನಲ್ಲೇ ಶುರುವಾಗಿರಲಿಲ್ಲ. ಹಿಂದೆ ಹೋದಂತೆ ಅದು ಒಂದೇ ಸಮನೆ ಬಂದಿತ್ತು. ರಸ್ತೆ ಉಬ್ಬಿ ಗಾಡಿ ಕುಪ್ಪಳಿಸುವ ಒಂದು ಮೋರಿಯ ಹತ್ತಿರ ಗೆರೆ ನಿಂತು, ಅದರಾಚೆ ಬರೀ ಹನಿಗಳು ಉಳಿದವು. ಊರ ಕಡೆ ಹೋದಷ್ಟೂ ಹನಿಗಳು ವಿರಳವಾದವು.

"ಊರಿಂದ ಹೊರಟಾಗ ತೊಟ್ಟಿಕ್ಕುತ್ತಿತ್ತು. ಈ ಮೋರಿ ಹತ್ತಿರ ಏನೋ ಬಿದ್ದಿದೆ. ಆಮೇಲೆ ಹರಿದಿದೆ," ಎಂದಳು. "ಹುಡುಕಿ."

ಮೋರಿಯ ಪಕ್ಕದ ಜಾಲಿಕಂಟಿಯ ಬುಡದಲ್ಲಿ ಹುಸೇನಪ್ಪನಿಗೆ ಒಂದು ಬೋಲ್ಟ್ ಸಿಕ್ಕಿತು, ಎಣ್ಣೆ ಮೆತ್ತಿ ಧೂಳು ಹಿಡಿದದ್ದು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಬೋಲ್ಟ್ ಎಂದು ಅವನು ನೋಡಿದೊಡನೆ ಹೇಳಿದ. ಹಳೆ ಎಣ್ಣೆ ಇಳಿಸುವಾಗ ಬಿಚ್ಚುವುದು ಅದನ್ನೇ. ಲಾರಿಯದಾಗಿದ್ದರೆ ಇನ್ನೂ ದಪ್ಪ ಇರುತ್ತಿತ್ತು, ಇದು ಕಾರಿನದು. ತಿರುಗಿಸಿ ಬಿಗಿಯುವ ಸುರುಳಿ ಗೆರೆ, ಅಂದರೆ ಮರೆ, ಸವೆದಿರಲಿಲ್ಲ, ಎಲ್ಲೂ ಮುರಿದಿರಲಿಲ್ಲ. ಪಂಚನಾಮೆ ಬರೆದು ಬೋಲ್ಟನ್ನು ಜಪ್ತಿ ಮಾಡಿ, ಚೀಲಕ್ಕೆ ಹಾಕಿ ಅರಗು ಒತ್ತಿದರು. ತಿರುವು ದಾಟಿ ಸ್ವಲ್ಪ ಮುಂದೆ, ಬೇವಿನ ಮರದ ಕೆಳಗೆ ಎಣ್ಣೆ ದೊಡ್ಡದಾಗಿ ನಿಂತಿತ್ತು. ಕಾರು ಅಲ್ಲಿ ನಿಂತಿತ್ತು, ಅಲ್ಲಿಂದ ಅದನ್ನು ಯಾರೋ ಎಳೆದೊಯ್ದಿದ್ದರು.

ಸೋಮವಾರ ಲಿಂಗಸುಗೂರಿನ ಗ್ಯಾರೇಜುಗಳಲ್ಲಿ ವಿಚಾರಿಸುತ್ತ ಹೋದರು. ಮೂರನೆಯದು ಕರೀಂಸಾಬನದು. ಅಲ್ಲಿ ಗುಂಡಿಯ ಮೇಲೆ ಒಂದು ಹಳೆಯ ಬಿಳಿ ಅಂಬಾಸಿಡರ್ ನಿಂತಿತ್ತು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಎತ್ತರದ ಮುದುಕ, ಕೈ ಹಿಂದೆ ಕಟ್ಟಿಕೊಂಡು ಎಂಜಿನ್ ನೋಡುತ್ತಿದ್ದ.

"ಭಾನುವಾರ ಮುಂಜಾನೆ ಮಸ್ಕಿ ರೋಡಿನಿಂದ ಎಳಕೊಂಡು ಬಂದೀನ್ರೀ," ಎಂದ ಕರೀಂಸಾಬ್. "ಈ ಗಾಡಿ ನನ್ನ ತಲಿ ತಿಂದೈತಿ ಮೇಡಮ್. ದಸರೆ ಆದಮ್ಯಾಲ ಇದು ನಾಲ್ಕನೇ ಸಲ."

ಮುದುಕ ಕಾರಿನ ಮಾಲೀಕ ಅಮರಗುಂಡಪ್ಪ, ಮಸ್ಕಿಯವನು, ನಿವೃತ್ತ ಸರ್ಕಾರಿ ಬಸ್ ಚಾಲಕ. ಗುರುಗುಂಟಾದಲ್ಲಿ ತನ್ನ ಜೊತೆ ಕೆಲಸ ಮಾಡಿದ ಕಂಡಕ್ಟರ್ ತೀರಿಕೊಂಡ ಸುದ್ದಿ ಭಾನುವಾರ ನಸುಕಿನಲ್ಲಿ ಬಂದು, ಮಣ್ಣಿಗೆ ಹೊರಟಿದ್ದನಂತೆ. ಎಣ್ಣೆಯ ದೀಪ ಕೆಂಪಾದೊಡನೆ ಮರದಡಿ ನಿಲ್ಲಿಸಿದ್ದ. ಸುಮ್ಮನೆ ನಿಲ್ಲಲಾಗದೆ ಬಂದ ಬಸ್ಸು ಹತ್ತಿ ಹೋಗಿಬಿಟ್ಟಿದ್ದ.

"ಹೊರಡೋ ಮುಂಚೆ ಗಾಡಿ ಕೆಳಗೆ ನೋಡಲಿಲ್ಲವಾ?"

"ದಿನಾ ನೋಡ್ತೀನ್ರೀ. ಅವತ್ತೊಂದಿನ ನೋಡಲಿಲ್ಲ. ಗೆಳೆಯ ಹ್ವಾದ ಅಂತ ಕಾಲು ನಿಲ್ಲಲಿಲ್ಲರೀ ನೆಲದ ಮ್ಯಾಲ."

"ನಿಮ್ಮ ಹಿಂದೆ ಬಂದ ಬೈಕಿನವನು ಆ ಎಣ್ಣೆಯ ಮೇಲೆ ಬಿದ್ದಿದ್ದಾನೆ. ದರ್ಜಿ ಮಲ್ಲೇಶ."

ಅಮರಗುಂಡಪ್ಪ ಅವಳ ಮುಖವನ್ನೇ ನೋಡಿದ. "ಮಲ್ಲೇಶನಾ? ನನ್ನ ಖಾಕಿ ಎಲ್ಲಾ ಅವನ ಕೈಯಾಗಿಂದು," ಎಂದು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತ. ಯಾರಿಗೂ ಅಲ್ಲ ಎಂಬಂತೆ ಹೇಳಿದ: "ಮೂವತ್ತು ವರ್ಷ ಬಸ್ ಓಡಿಸೀನಿ. ಒಂದು ನಾಯಿಗೂ ತಾಗಿಸಿಲ್ಲ."

ರಾಜಶ್ರೀ ಕರೀಂಸಾಬನ ಕಡೆ ತಿರುಗಿದಳು. "ಹಳೇ ಗಾಡಿ. ತಾನೇ ಸೋರಿರಬಹುದಲ್ಲ?"

"ನಾನೂ ಹಂಗ ಅಂದ್ಕೊಂಡಿದ್ದೆ ಮೇಡಮ್. ಮೊದಲ ಸಲ ಬಂದಾಗ ಎಂಜಿನ್ ಮ್ಯಾಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದ್ಲಿ ಮಾಡಿದೆ. ಎರಡನೇ ಸಲ ಹಿಂದಿನ ಆಯಿಲ್ ಸೀಲ್ ಹೋಗ್ಯದ ಅಂತ ಗಿಯರ್‌ಬಾಕ್ಸ್ ಇಳಿಸಿ ಅದನ್ನೂ ಹಾಕಿದೆ. ಸೀಲ್ ಚಲೋನೇ ಇತ್ತು. ಸುಳ್ಳೇ ಬಿಚ್ಚಿದೆ. ಹೋದ ಸಲ ಬೋಲ್ಟ್ ಸಡ್ಲ ಇದ್ದದ್ದು ನೋಡಿ, ಹೊಸ ವಾಷರ್ ಹಾಕಿ ನಾನೇ ಬಿಗಿದೀನಿ. ಇಲ್ಲಿ ಇದ್ದಾಗ ಒಂದು ಹನಿ ಬೀಳಂಗಿಲ್ಲ. ಮನಿಗೆ ಹೋತಂದ್ರ ಸೋರ್ತದ."

"ನನ್ನ ಮುಂದೆ ಇನ್ನೊಮ್ಮೆ ನೋಡಿ."

ಪಂಚರ ಎದುರಿಗೇ ಪರೀಕ್ಷೆ ನಡೆಯಿತು. ಜಪ್ತಿ ಮಾಡಿದ ಬೋಲ್ಟಿನ ಅಳತೆ, ಮರೆ ಎರಡೂ ಚೇಂಬರಿಗೆ ಹೊಂದಿದವು. ಅದನ್ನು ಮತ್ತೆ ಮುದ್ರೆ ಹಾಕಿ ಬದಿಗಿಟ್ಟರು. ಕರೀಂಸಾಬ್ ಬೇರೆ ಬೋಲ್ಟ್ ಬಿಗಿದು, ಎಣ್ಣೆ ತುಂಬಿ, ಎಂಜಿನ್ನಿನ ಹೊರಮೈಯನ್ನು ಡೀಸೆಲ್ಲಿನಿಂದ ಉಜ್ಜಿ ತೊಳೆದ. ಮೈ ಒಣಗಿದ ಮೇಲೆ ಹುಸೇನಪ್ಪ ಅಂಗಡಿಯಿಂದ ತಂದ ಮುಖಕ್ಕೆ ಹಚ್ಚುವ ಪೌಡರನ್ನು ಮೇಲಿಂದ ಕೆಳಗೆ ಉದುರಿಸಿದ. ಎಣ್ಣೆ ಎಲ್ಲಿ ಜಿನುಗಿದರೂ ಆ ಬಿಳುಪಿನ ಮೇಲೆ ಕಪ್ಪಾಗಿ ಕಾಣಬೇಕು. ಎಂಜಿನ್ ಶುರು ಮಾಡಿ ಚೆನ್ನಾಗಿ ಬಿಸಿಯಾಗುವವರೆಗೆ ಬಿಟ್ಟರು.

"ಮೇಲಿಂದ ನೋಡ್ಕೋತ ಬರಬೇಕ್ರೀ," ಎಂದ ಕರೀಂಸಾಬ್, ಬ್ಯಾಟರಿ ಬಿಡುತ್ತ. "ಎಣ್ಣಿ ಕೆಳಗ ಇಳಿತದ, ಫ್ಯಾನಿನ ಗಾಳಿಗೆ ಹಿಂದಕ ಹೋಗ್ತದ. ತೊಟ್ಟಿಕ್ಕೋ ಜಾಗಾನ ಬ್ಯಾರೆ, ಸೋರೋ ಜಾಗಾನ ಬ್ಯಾರೆ. ನಾ ಎರಡು ಸಲ ಮೋಸ ಹ್ವಾದದ್ದು ಅಲ್ಲೇ."

ಕವರಿನ ಮೂಲೆಯಲ್ಲಿ ಪೌಡರು ಒಂದು ಉಗುರಿನಷ್ಟು ಒದ್ದೆಯಾಗಿತ್ತು. ಹಳೆಯ ಎಂಜಿನ್ನಿನ ಬೆವರು, ಅಷ್ಟೇ. ಕೆಳಗೆಲ್ಲ ಬಿಳಿಯದು ಬಿಳಿಯಾಗಿಯೇ ಉಳಿದಿತ್ತು. ಹುಸೇನಪ್ಪ ಕಾರನ್ನು ಹಾಳು ರಸ್ತೆಯ ಮೇಲೆ ಹಟ್ಟಿ ಕ್ರಾಸಿನವರೆಗೆ ಓಡಿಸಿ ತಂದ. ಚೇಂಬರಿನ ಬೋಲ್ಟ್ ಕದಲಿರಲಿಲ್ಲ.

"ಬಿಗಿದದ್ದು ತಾನೇ ಬಿಚ್ಚಿಕೊಳ್ಳುವುದಿಲ್ಲ," ಎಂದಳು ರಾಜಶ್ರೀ. "ಯಾರೋ ಪಾನಾ ಹಾಕಿ ಸಡಿಲ ಮಾಡಿದ್ದಾರೆ. ಗಾಡಿ ರಾತ್ರಿ ಎಲ್ಲಿರುತ್ತೆ?"

"ನಮ್ಮ ಅಂಗಳದಾಗ. ಗೇಟಿಗೆ ಬೀಗ ಇರ್ತೈತಿ," ಎಂದ ಅಮರಗುಂಡಪ್ಪ. "ನನಗ ವೈರಿ ಯಾರೂ ಇಲ್ಲರೀ."

ಮನೆಯಲ್ಲಿ ಅವನು, ಮಗಳು ಸುರೇಖಾ, ಶಾಲೆಗೆ ಹೋಗುವ ಮೊಮ್ಮಗಳು. ಅಳಿಯ ಸೈನ್ಯದಲ್ಲಿದ್ದಾನೆ. ಮೊಮ್ಮಗಳನ್ನು ಲಿಂಗಸುಗೂರಿನ ಶಾಲೆಗೆ ದಿನಾ ಕಾರಿನಲ್ಲಿ ಬಿಡುವುದೇ ಮುದುಕನ ಕೆಲಸ.

ಮಂಗಳವಾರ ಬೆಳಿಗ್ಗೆ ರಾಜಶ್ರೀ ಮೊದಲು ಅಮರಗುಂಡಪ್ಪನ ಪಕ್ಕದ ಮನೆಯ ಕದ ತಟ್ಟಿದಳು. ಅಂಬಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅಮರಗುಂಡಪ್ಪನವರ ಕಾರಿನ ಹತ್ತಿರ ಅಪರಿಚಿತರು ಯಾರಾದರೂ ಬಂದದ್ದು ಕಂಡಿದ್ದೀರಾ?"

"ಇಲ್ಲರೀ. ಅವರ ನಾಯಿ ಯಾರನ್ನೂ ಒಳಗ ಬಿಡಂಗಿಲ್ಲ."

"ನಿಮ್ಮ ಮಕ್ಕಳೂ ಅದೇ ಶಾಲೆಯಾ?"

"ಹೌದ್ರೀ. ಮೊದಲು ಅದೇ ಕಾರಿನಾಗ ಹೋಗ್ತಿದ್ದವು. ದಸರಾ ಸೂಟಿ ಮುಗದ ಮ್ಯಾಲ ಬಸ್ಸಿಗೆ ಹಾಕೀವಿ."

"ಯಾಕೆ?"

"ಸುರೇಖಾನ ಬಂದು ಹೇಳಿದಳ್ರೀ, ಕಳಿಸಬ್ಯಾಡ ಅಂತ. ಯಾಕ ಅಂದ್ರ ಬಾಯಿ ಬಿಡಲಿಲ್ಲ. ನಾ ಸಿಟ್ಟಾಗಿದ್ದೆ, ಈಗ್ಲೂ ಅಷ್ಟಕ್ಕಷ್ಟೇ ಮಾತು."

ರಾಜಶ್ರೀ ಹುಸೇನಪ್ಪನ ಮುಖ ನೋಡಿದಳು. ಕಾರು ಮೊದಲ ಬಾರಿ ಸೋರಿದ್ದೂ ದಸರೆಯ ಮೇಲೆಯೇ.

ಸುರೇಖಾ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಊರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಪೊಲೀಸರು ಕೇಳುವ ಮೊದಲೇ ಅವಳೇ ಕೇಳಿದಳು.

"ಮಲ್ಲೇಶಣ್ಣಗ ಎಚ್ಚರ ಆತೇನ್ರೀ?"

"ಇನ್ನೂ ಇಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ರಾಜಶ್ರೀ ದನಿ ತಗ್ಗಿಸಿದಳು.

"ಕಾರಿನಲ್ಲಿ ಮಕ್ಕಳನ್ನು ಕಳಿಸಬೇಡ ಅಂತ ಅಂಬಮ್ಮನಿಗೆ ಯಾಕೆ ಹೇಳಿದಿರಿ?"

ಒಳಗಿನಿಂದ ಅಮರಗುಂಡಪ್ಪ ಬಂದು ಮಗಳ ಮುಂದೆ ನಿಂತ. ಎರಡು ದಿನದಲ್ಲಿ ಅವನ ಗಡ್ಡ ಬೆಳ್ಳಗೆ ಬೆಳೆದಿತ್ತು.

"ಅಕೀನ್ನ ಏನೂ ಕೇಳಬ್ಯಾಡ್ರೀ. ಬೋಲ್ಟ್ ನಾನೇ ಸಡ್ಲ ಮಾಡೀನಿ. ನನ್ನ ಗಾಡಿ, ನನ್ನ ಹೆಸರು ಬರಕೋರಿ."

"ಯಾಕೆ ಸಡಿಲ ಮಾಡಿದಿರಿ?"

ಮುದುಕ ಬಾಯಿ ತೆರೆಯುವಷ್ಟರಲ್ಲಿ ಸುರೇಖಾ ಅವನ ತೋಳು ಹಿಡಿದಳು.

"ಅಪ್ಪಾ, ಸರಿ ಆಕಡೆ," ಎಂದಳು ಸುರೇಖಾ. "ನಾ ಮಾಡೀನ್ರೀ ಮೇಡಮ್. ನಾಲ್ಕೂ ಸಲ ನಾನೇ. ಸಣ್ಣಾಕಿ ಇದ್ದಾಗ ಬಸ್ಸಿನ ಕೆಳಗ ಮಲಗಿ ಇವನಿಗೆ ಪಾನಾ ಕೊಡ್ತಿದ್ದೆ. ಯಾವ ಬೋಲ್ಟ್ ಎಷ್ಟು ತಿರುವಬೇಕು ಅನ್ನೋದು ಇವನೇ ಕಲಿಸ್ಯಾನ."

"ಯಾಕೆ?"

"ದಸರೆ ಸೂಟಿಯಾಗ ಸಿಂಧನೂರಿಗೆ ಹೊಂಟಿದ್ವಿ. ವಳಕಮದಿನ್ನಿ ಕಡಿ ಕಾಲುವಿ ದಂಡಿ ಮ್ಯಾಲ ಅಪ್ಪಗ ಒಮ್ಮಿಂದೊಮ್ಮೆಲೆ ಏನೋ ಆತು. ಕಣ್ಣು ತೆರದಾವ, ಕೈ ಸ್ಟೇರಿಂಗ್ ಮ್ಯಾಲ ಅದಾವ, ಮನಶ್ಯಾ ಇಲ್ಲ. ಗಾಡಿ ನೀರಿನ ಕಡಿ ಹೊಂಟೈತಿ. ನಾ ಹ್ಯಾಂಡ್‌ಬ್ರೇಕ್ ಜಗ್ಗಿದೆ."

"ಸ್ಟೇರಿಂಗ್ ಎಳದಿತ್ತು," ಎಂದ ಅಮರಗುಂಡಪ್ಪ ಮೆಲ್ಲಗೆ.

"ಎಳಿಲಿಲ್ಲಪ್ಪ. ನಾ ನಿನ್ನ ಹೆಸರು ಹಿಡಿದು ಕೂಗಿದೆ. ನನ್ನ ಮಗಳು ನಿನ್ನ ಕೈ ಕಚ್ಚಿದಳು. ನಿನಗ ಗೊತ್ತಾಗಲಿಲ್ಲ. ಆ ಗಾಯ ಎಲ್ಲಿಂದ ಬಂತಂತ ಮರುದಿನ ನೀನ ನನ್ನ ಕೇಳಿದಿ."

ಮುದುಕ ತನ್ನ ಎಡಗೈ ಮಣಿಕಟ್ಟನ್ನು ನೋಡಿಕೊಂಡ. ಅಲ್ಲಿ ಈಗ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದ.

"ಇಲಾಜು ಮಾಡಿಸ್ಕೋ ಅಂದೆ, ಮೂರ್ಛೆ ಅಂತ ಊರಾಗ ಹೇಳ್ತಾರ ಅಂತ ದವಾಖಾನಿ ಮೆಟ್ಟಲ ಹತ್ತಲಿಲ್ಲ. ಕೀಲಿ ಮುಚ್ಚಿಟ್ಟೆ, ಬ್ಯಾರೇದು ಮಾಡಿಸ್ಕೊಂಡ್ ಬಂದ. ಜಗಳ ಆಡಿದೆ, ಉಣ್ಣೋದು ಬಿಟ್ಟ. ಕಡಿಗೆ ಇದೊಂದು ಹೊಳೀತು. ರಾತ್ರಿ ಸ್ವಲ್ಪ ಸಡ್ಲ ಮಾಡಿದ್ರ ಮುಂಜಾನೆ ಅಂಗಳದಾಗ ಎಣ್ಣಿ ಬಿದ್ದಿರ್ತಿತ್ತು. ನೋಡಿ ಗಾಡಿ ಹೊರಗ ತಗೀತಿರಲಿಲ್ಲ, ಕರೀಂ ಚಾಚಾನ್ನ ಕರಸ್ತಿದ್ದ. ಅಷ್ಟು ದಿನ ಮಗಳು ನನ್ನ ಜೊತಿ ಬಸ್ಸಿಗೆ ಹೋಗ್ತಿದ್ದಳು. ಭಾನುವಾರ ಅಕೀನ್ನ ಸಿಂಧನೂರಿಗೆ ಕರ್ಕೊಂಡು ಹೋಗ್ತೀನಿ ಅಂತ ಹಟ ಹಿಡಿದಿದ್ದ. ಅದಕ್ಕ ಶನಿವಾರ ಸಡ್ಲ ಮಾಡಿದೆ. ನಾ ಏಳೋದ್ರಾಗ ಗಾಡಿ ಇರಲಿಲ್ಲ."

"ಆಗಲಾದರೂ ಫೋನ್ ಮಾಡಬಹುದಿತ್ತು."

"ಮಾಡಿದೆರೀ. ಗಾಡಿ ಓಡಿಸುವಾಗ ಫೋನ್ ಎತ್ತಂಗಿಲ್ಲ ಅವ."

"ಮೊದಲೇ ಠಾಣೆಗೆ ಬಂದು ಹೇಳಿದ್ದರೆ?"

"ಲೈಸೆನ್ಸ್ ಕಸಗೋತಿದ್ರಿ."

"ಹೌದು."

"ಅದಕ್ಕ ಬರಲಿಲ್ಲ." ಸುರೇಖಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಗಾಡಿ ಕೆಟ್ಟೈತಿ ಅಂತ ಆಗಲಿ, ಅಪ್ಪ ಕೆಟ್ಟಾನ ಅಂತ ಆಗಬಾರದು ಅಂತಿದ್ದೆ."

ಹುಸೇನಪ್ಪ ಅಂಗಳದ ಕಡೆ ಮುಖ ಮಾಡಿ ನಿಂತ. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿದ್ದರೂ ರಾಜಶ್ರೀಗೆ ಇಂಥ ಹೊತ್ತಿನಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಇವಳ ಜಾಗದಲ್ಲಿ ತಾನಿದ್ದರೆ ಏನು ಮಾಡುತ್ತಿದ್ದೆ ಎಂಬ ಯೋಚನೆ ಬಂತು. ಬೆನ್ನಿಗೇ ಜೋಗಮ್ಮ ನೆನಪಾದಳು. ರಾಜಶ್ರೀ ಪೆನ್ನು ತೆಗೆದಳು.

ಸುರೇಖಾ ತೋರಿಸಿಕೊಟ್ಟ ಪಾನಾವನ್ನು ಪಂಚರ ಸಮಕ್ಷಮ ಜಪ್ತಿ ಮಾಡಿದರು. ಬಂಧನದ ಮೆಮೊ ಬರೆಯುವಾಗ, ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಕಾನೂನಿನಂತೆ ಕೇಳಬೇಕಾಯಿತು. "ಅಪ್ಪಗ," ಎಂದಳು ಸುರೇಖಾ. ಎದುರಿಗೇ ನಿಂತಿದ್ದ ಅಮರಗುಂಡಪ್ಪ ಕನ್ನಡಕ ತರಿಸಿಕೊಂಡು ಪ್ರತಿ ಸಾಲನ್ನೂ ಓದಿ ಸಹಿ ಮಾಡಿದ. ಮಗಳು ಜೀಪು ಹತ್ತುವಾಗ, "ಉಂಡಿಲ್ಲರೀ ಅಕಿ," ಎಂದಷ್ಟೇ ಹೇಳಿದ. ಅಂಬಮ್ಮ ಬುತ್ತಿ ಕಟ್ಟಿ ಹಿಂದೆಯೇ ಠಾಣೆಗೆ ಬಂದಳು.

ಜಾಮೀನು ಕೊಡಬಹುದಾದ ಕಲಮು. ಸಂಜೆಯೊಳಗೆ ಠಾಣಾ ಜಾಮೀನಿನ ಮೇಲೆ ಸುರೇಖಾಳನ್ನು ಬಿಟ್ಟರು. ಜಾಮೀನಿಗೆ ನಿಂತವಳು ಅಂಬಮ್ಮನೇ.

ಮಲ್ಲೇಶನಿಗೆ ಗುರುವಾರ ಪ್ರಜ್ಞೆ ಬಂತು. ಕಾಲಿಗೆ ರಾಡು ಹಾಕಿದರು. ತುಳಿಯಲು ತಿಂಗಳುಗಳೇ ಬೇಕು, ಆದರೆ ತುಳಿಯಬಲ್ಲ ಎಂದರು ಡಾಕ್ಟರು. ಸುರೇಖಾ ಆಸ್ಪತ್ರೆಗೆ ಹೋದಾಗ ಜೋಗಮ್ಮ ಅವಳನ್ನು ಒಳಗೆ ಬಿಡಲಿಲ್ಲ. ಎರಡನೇ ಸಲ ಹೋದಾಗ ಬಿಟ್ಟಳು, ಮಾತಾಡಲಿಲ್ಲ.

ದೋಷಾರೋಪಣ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಬರೆಯುವಾಗ ರಾಜಶ್ರೀ ಮೂರು ಸಲ ಬರೆದು ಹೊಡೆದು ಹಾಕಿದಳು. ಕೊನೆಗೆ, ತಂದೆ ಕಾಯಿಲೆಯಿಂದ ಅಪಾಯಕ್ಕೆ ಒಳಗಾಗದಂತೆಯೂ ಅವಮಾನಕ್ಕೆ ಒಳಗಾಗದಂತೆಯೂ ತಡೆಯಲು, ಎಂದು ಬರೆದಳು.

ಅದಾದ ವಾರಕ್ಕೆ ಅಮರಗುಂಡಪ್ಪ ಠಾಣೆಗೆ ಬಂದ. ಲೈಸೆನ್ಸನ್ನು ತಾನೇ ಆರ್‌ಟಿಒ ಕಚೇರಿಗೆ ಕೊಟ್ಟು ಬಂದಿದ್ದ, ರಾಯಚೂರಿನ ನರರೋಗ ಡಾಕ್ಟರ ಗುಳಿಗೆ ಶುರು ಮಾಡಿದ್ದ. ಅದನ್ನು ತಿಳಿಸಿ ಹೊರಡಲು ಎದ್ದವನು ಮತ್ತೆ ನಿಂತ.

"ರಾಯಚೂರಿಗೆ ಬಸ್ಸಿಗೆ ಹೋಗಿದ್ದೆರೀ. ಮಗಳು ಕಿಟಕಿ ಕಡಿ ಕುಂದ್ರಿಸಿದಳು."

"ಹೇಗಿತ್ತು?"



"ಆ ರೋಡಿನಾಗ ಎಷ್ಟು ಸಲ ಓಡ್ಯಾಡೀನೋ ಲೆಕ್ಕ ಇಲ್ಲ. ಬಾಜೂಕ ಅಷ್ಟು ದೊಡ್ಡ ಕೆರಿ ಐತಿ ಅಂತ ನನಗ ಗೊತ್ತೇ ಇರಲಿಲ್ಲರೀ."