ಕೆಂಪು ದಾರ ತಲುಪದ ಜಾಗ

"ಮಿಸ್, ಅಲುಗಾಡಬೇಡ ಅಂದ್ರೆ ಉಸಿರೂ ಬಿಡಬಾರ್ದಾ?"

ನೆಲಕ್ಕೆ ಹಾಸಿದ ದೊಡ್ಡ ಹಾಳೆಯ ಮೇಲೆ ಅಂಗಾತ ಮಲಗಿದ್ದ ಹುಡುಗಿ ಕೇಳಿದಳು. ತರಗತಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ವಟವಟ ಎಂದು. ಡ್ರಾಯಿಂಗ್ ಟೀಚರ್ ಮೊಣಕಾಲೂರಿ ಕೂತು, ಅವಳ ಮೈಯ ಸುತ್ತ ಇದ್ದಿಲ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು.

"ಉಸಿರು ಬಿಡು ತಾಯಿ... ಮಾತು ಆಡ್ಬೇಡ, ಅಷ್ಟೇ!"

ಮಕ್ಕಳು ಗೊಳ್ಳೆಂದರು. ಆ ಗದ್ದಲದ ನಡುವೆ ಬಾಗಿಲ ಕಡೆಯಿಂದ ಇನ್ನೊಂದು ನಗು ಕೇಳಿಸಿತು. ಗಂಡಸಿನದು. ಮೂಗಿನಲ್ಲೇ ಮುಗಿದುಹೋಗುವ ಮೆಲುನಗು.

ಅವಳ ಕೈಯಲ್ಲಿದ್ದ ಕಡ್ಡಿ ಲಟಕ್ಕನೆ ಮುರಿಯಿತು.

ಬೇಡ... ಅವರಾಗಿರೋದು ಬೇಡ ದೇವರೇ!

ತಲೆಯೆತ್ತಿದಳು. ಅವರೇ.

ಕನ್ನಡಕ ಬಂದಿತ್ತು. ಕಿವಿಯ ಬಳಿ ಕೂದಲು ನೆರೆತಿತ್ತು. ಉಳಿದಂತೆ ಅದೇ ಮುಖ, ಅದೇ ನಿಲುವು. ಅವನ ಕಣ್ಣು ಅವಳನ್ನು ಕಂಡು ಗಕ್ಕನೆ ನಿಂತಿತು.

"ಇವರೇ ಕಣ್ರೋ ಮಿದುಳು ಮಾಮ!" ಹಿಂದಿನಿಂದ ಬಂದ ಹೆಡ್ ಮಿಸ್ ಸಂಭ್ರಮದಿಂದ ಹೇಳಿದರು. "ಮಿದುಳು, ನರ ಇವೆಲ್ಲ ಹೇಗೆ ಕೆಲಸ ಮಾಡ್ತವೆ ಅಂತ ಊರೂರಿನ ಶಾಲೆಗೆ ಹೋಗಿ ಹೇಳಿಕೊಡ್ತಾರೆ. ಸಂಜೆ ಬಸ್ಸಿಗೆ ಹೊರಟೇಬಿಡ್ತಾರಂತೆ. ಸಿಕ್ಕಿದ್ದೇ ಪುಣ್ಯ!"

ಬರುವವರು ಯಾರೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಒಂದು ಮೈಯ ಆಕಾರ ಬರೆದುಕೊಡಿ ಎಂದಿದ್ದರು, ಅಷ್ಟೇ.

"ಚೆನ್ನಾಗಿದ್ದೀರಾ?" ಅವನು ಕೇಳಿದ.

"ಹ್ಞೂಂ... ನೀವು?"

"ಹೀಗಿದ್ದೀನಿ."

ಹನ್ನೆರಡು ವರ್ಷದ ಮಾತು ಮೂರೇ ಸಾಲಿನಲ್ಲಿ ಮುಗಿದುಹೋಯಿತು!

ಟೀಚರ್ ಆಗಲು ಇಬ್ಬರೂ ಒಟ್ಟಿಗೆ ಓದಿದವರು. ಅವನದು ವಿಜ್ಞಾನ, ಇವಳದು ಚಿತ್ರ. ಕಾರಿಡಾರಿನ ಕೊನೆಯ ಕಿಟಕಿಯ ಬಳಿ ನಿಂತು ಇಬ್ಬರೂ ಆಡಿದ ಮಾತಿಗೆ ಲೆಕ್ಕವಿಲ್ಲ. ಆದರೆ ಆಡಬೇಕಾದ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಆಡಿದ್ದರು.

"ಯಾರಾದ್ರೂ ಮನಸ್ಸಲ್ಲಿದ್ರೆ ಹೇಳಿಬಿಡೇ, ನಾವೇ ಹೋಗಿ ಮಾತಾಡ್ತೀವಿ," ಎಂದು ಅಮ್ಮ ಪೀಡಿಸುತ್ತಿದ್ದ ದಿನಗಳವು. ಮೊದಲು ಅವನ ಮನಸ್ಸು ತಿಳಿಯಬೇಕಿತ್ತು. ಕೇಳುವುದು ಹೇಗೆ? ಚಿಕ್ಕಂದಿನಿಂದಲೂ ಅವಳು ಹಾಗೇ. ಬೇರೆಯವರಿಗೆ ಬೇಕಾದದ್ದನ್ನು ಪಟಪಟನೆ ಕೇಳಿಕೊಡುವಳು. ತನಗೆ ಬೇಕಾದದ್ದಕ್ಕೆ ನಾಲಿಗೆ ಹೊರಳದು.

ಒಂದು ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆ ಪರದೆ ಎಳೆದು, ಕತ್ತಲೆ ಮಾಡಿ, ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತಿದ್ದರು. ಪಕ್ಕದ ಕುರ್ಚಿಯ ತೋಳಿನ ಮೇಲೆ ಅವನ ಎಡಗೈ. ಎದೆ ಗಟ್ಟಿ ಮಾಡಿಕೊಂಡು, ಹೂವು ಇಡುವಷ್ಟು ಹಗುರಾಗಿ, ತನ್ನ ಬೆರಳುಗಳನ್ನು ಆ ಕೈಯ ಮೇಲಿಟ್ಟಳು.

ಅವನು ತಿರುಗಲಿಲ್ಲ. ಅವನ ಕೈ ಮಿಸುಕಲೂ ಇಲ್ಲ. ಗೋಡೆ ನೋಡುತ್ತಲೇ ಕೂತಿದ್ದ.

ಬೇಡ ಅನ್ನೋದಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ಇನ್ಯಾವುದಿದೆ... ಎಂದುಕೊಂಡಳು. ದೀಪ ಹತ್ತುವ ಮುನ್ನವೇ ಎದ್ದುಹೋದಳು. ಆ ವಾರವೇ ದೂರದ ಊರಿನ ಕೆಲಸಕ್ಕೆ ಒಪ್ಪಿಕೊಂಡಳು. ಆಮೇಲೊಮ್ಮೆ ಅವನು ಮನೆಯ ಬಾಗಿಲಿಗೆ ಬಂದಾಗ, ಒಳಗಿದ್ದುಕೊಂಡೇ ಅಕ್ಕನಿಗೆ ಪಿಸುಗುಟ್ಟಿದ್ದಳು: "ನಾನಿಲ್ಲ ಅಂತ ಹೇಳು."

ಪಾಠ ಶುರುವಾಗಿತ್ತು. ಹಾಳೆಯ ಮೇಲಿನ ಆಕಾರದೊಳಗೆ ಮಕ್ಕಳು ಉಲ್ಲನ್ ದಾರ ಅಂಟಿಸುತ್ತಿದ್ದರು. ಬೆನ್ನುಹುರಿಗೆ ದಪ್ಪ ಜಡೆ. ಅಲ್ಲಿಂದ ಕೈಕಾಲಿಗೆಲ್ಲ ಕೆಂಪು, ನೀಲಿ ಎಳೆಗಳು.

"ಕೆಂಪು ದಾರ ಸುದ್ದಿ ಒಯ್ಯುತ್ತೆ, ಚರ್ಮದಿಂದ ಮಿದುಳಿಗೆ. ಇರುವೆ ಕಚ್ತು, ನೀರು ಬಿಸಿ ಇದೆ, ಅಮ್ಮ ಮುಟ್ಟಿದ್ರು... ಹೀಗೆ. ನೀಲಿ ದಾರ ಅಪ್ಪಣೆ ತರುತ್ತೆ, ಮಿದುಳಿಂದ ಕೈಗೆ. ಕೊಡವು, ಎಳ್ಕೋ, ಹಿಡ್ಕೋ ಅಂತ."

"ಮಾಮಾ, ಬರೀ ಕೆಂಪು ದಾರ ಕತ್ತರಿಸಿಹೋದ್ರೆ?" ವಟವಟ ಕೇಳಿದಳು.

"ಭಲೇ! ಅದನ್ನ ತೋರಿಸೋಕೇ ನಾನು ಬಂದಿರೋದು."

ಅವನು ಅಂಗಿಯ ತೋಳು ಮಡಚಿ ಎಡಗೈಯನ್ನು ಮೇಜಿನ ಮೇಲಿಟ್ಟ. ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿದ. "ಕೈ ಹಿಂಬದಿ ಮೇಲೆ ಬ್ರಶ್ ಆಡಿಸಿ. ಮುಟ್ಟಿದ ಕೂಡ್ಲೇ ಹೇಳ್ತೀನಿ."

ವಟವಟ ಟೀಚರ್ ಮೇಜಿನಿಂದಲೇ ಬ್ರಶ್ ಎತ್ತಿಕೊಂಡು, ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಮೆಲ್ಲಗೆ ಸವರಿದಳು. ಮತ್ತೊಮ್ಮೆ ಸವರಿದಳು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರು.

"ಏನ್ರೋ, ಇನ್ನೂ ಶುರು ಮಾಡಿಲ್ವಾ?" ಅವನು ಕೇಳಿದ.

ಕೋಣೆ ಹಾರಿಹೋಗುವಷ್ಟು ನಗು! ಒಬ್ಬಳು ಮಾತ್ರ ನಗಲಿಲ್ಲ. ಡ್ರಾಯಿಂಗ್ ಟೀಚರ್ ಕಪಾಟನ್ನು ಹಿಡಿದು ನಿಂತುಬಿಟ್ಟಳು.

"ನೋಡಿ, ಬೆರಳು ಮಡಚುತ್ತೆ, ಬಿಡಿಸುತ್ತೆ. ನೀಲಿ ದಾರ ಸರಿಯಾಗಿದೆ. ಗಾಜಿನ ಸೀಸೆ ಒಡೆದು ಇಲ್ಲಿ ಕೊಯ್ದಾಗ ಕೆಂಪು ಎಳೆ ಮಾತ್ರ ತುಂಡಾಗಿದ್ದು. ಅವತ್ತಿಂದ ಈ ಅಂಗೈಯಗಲದ ಜಾಗದ ಸುದ್ದಿ ಮಿದುಳಿಗೆ ಹೋಗೋದೇ ಇಲ್ಲ."

"ಹಂಗಾದ್ರೆ ಇಂಜೆಕ್ಷನ್ ಅಲ್ಲಿಗೇ ಚುಚ್ಚಿಸ್ಕೊಳ್ಳಿ ಮಾಮ!"

"ಡಾಕ್ಟ್ರು ಒಪ್ಪಬೇಕಲ್ಲ ತಾಯಿ."

"ಮನೇಲಿ ಅತ್ತೆ ಮುಟ್ಟಿದ್ರೂ ಗೊತ್ತಾಗಲ್ವಾ?"

"ಅತ್ತೆ ಅಂತ ಒಬ್ರು ಇದ್ರೆ ತಾನೇ ಮುಟ್ಟೋದು?" ಎಂದು ಅವನು ನಕ್ಕ. ಆ ನಗು ಮೂಗಿನವರೆಗೂ ಬರಲಿಲ್ಲ.

"ಯಾವಾಗ ಆಗಿದ್ದು ಇದು?" ಹಿಂದಿನಿಂದ ಕೇಳಿದ ಧ್ವನಿ ಟೀಚರದ್ದು.

"ಓದೋಕೆ ಸೇರಿದ ಮೊದಲನೇ ತಿಂಗಳು... ಲ್ಯಾಬಿನಲ್ಲಿ. ಗಾಯ ಮಾಯ್ತಲ್ಲ, ಯಾರಿಗೂ ಹೇಳೋಕೆ ಹೋಗ್ಲಿಲ್ಲ."

ಮೊದಲನೇ ತಿಂಗಳು! ಅಂದರೆ ಆ ಮಧ್ಯಾಹ್ನಕ್ಕೆ ಎಷ್ಟೋ ಮುಂಚೆ...

ಮುಟ್ಟಿದರೆ ತಿಳಿಯುವ ಜಾಗವನ್ನು ದೇವರು ಮನುಷ್ಯನ ಮೈತುಂಬ ಇಟ್ಟಿದ್ದಾನೆ. ಭುಜವಿತ್ತು, ಮೊಣಕೈಯಿತ್ತು, ಬೆರಳ ತುದಿಯಿತ್ತು. ಅವಳ ಬೆರಳು ಹೋಗಿ ಕೂತದ್ದು ಆ ಒಂದೇ ಜಾಗದ ಮೇಲೆ. ಹಾಗೆಂದು ದೇವರನ್ನು ದೂರುವಂತೆಯೂ ಇಲ್ಲ. ಬಾಯಿಯನ್ನೂ ಕೊಟ್ಟಿದ್ದನಲ್ಲ! ಮಲಗಿದಲ್ಲಿಂದಲೇ ಅಮ್ಮ ಕೊನೆಯ ಸಲ, "ಯಾರೂ ಇಲ್ವೇನೇ ನಿನ್ನ ಮನಸ್ಸಲ್ಲಿ?" ಎಂದಾಗಲೂ ಅವಳು ಇಲ್ಲವೆಂದೇ ತಲೆಯಾಡಿಸಿದ್ದಳು. ಅಮ್ಮ ಆ ಸುಳ್ಳನ್ನೇ ನಂಬಿ ಕಣ್ಣುಮುಚ್ಚಿದಳು.

ಗಂಟೆ ಹೊಡೆಯಿತು. ಮಕ್ಕಳು ಓಡಿದರು. ಅವನು ಉಳಿದ ದಾರ ಸುತ್ತಿ ಟ್ರಂಕಿಗೆ ಹಾಕುತ್ತಿದ್ದ. ಕೀಲಿಯ ಸದ್ದಾದದ್ದೇ ಅವಳಿಗೆ ಜೀವ ಬಾಯಿಗೆ ಬಂತು. ಈಗಲೂ ಸುಮ್ಮನಿದ್ದರೆ ಬಸ್ಸು ಹೋಗುತ್ತದೆ...

"ಆ ದಿನ... ಹಾಲ್‌ನಲ್ಲಿ ಚಿತ್ರ ತೋರಿಸ್ತಿದ್ರಲ್ಲ... ನಾನು ನಿಮ್ಮ ಕೈ ಮೇಲೆ ಕೈ ಇಟ್ಟಿದ್ದೆ."

ಅವನು ತಿರುಗಿದ. "ಯಾವ ಕೈ?"

"ಇದೇ."

ಅವನು ಮಕ್ಕಳ ತಗ್ಗು ಬೆಂಚಿನ ಮೇಲೆ ಕುಸಿದು ಕೂತ. ಬೇರೆ ಯಾರದೋ ಎಂಬಂತೆ ತನ್ನ ಎಡಗೈಯನ್ನು ನೋಡಿದ.

"ಎಷ್ಟು ಹೊತ್ತು?"

"ಕೊನೇ ಚಿತ್ರದವರೆಗೂ."

"ಅಯ್ಯೋ ದೇವರೇ..." ಅವನ ಧ್ವನಿ ಒಡೆಯಿತು. "ದೀಪ ಹತ್ತಿದ ಕೂಡ್ಲೇ ನಿಮ್ಮನ್ನ ಕೇಳೋಣ ಅಂತ, ಒಳಗೊಳಗೇ ಮಾತು ಜೋಡಿಸ್ತಾ ಕೂತಿದ್ದೆ. ತಿರುಗಿದ್ರೆ ಕುರ್ಚಿ ಖಾಲಿ. ಮನೆಗೆ ಬಂದೆ. ಇಲ್ಲ ಅಂದ್ರು ಅಕ್ಕ. ನಿಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು."

ಚಪ್ಪಲಿ! ಅದು ಅವಳಿಗೆ ಹೊಳೆದಿರಲೇ ಇಲ್ಲ. ಒಳಗಿದ್ದೂ ಇಲ್ಲವೆಂದು ಹೇಳಿಸಿದ್ದು ಗೊತ್ತಾಗಿಯೇ ಅವನು ಆ ಮೆಟ್ಟಿಲು ಇಳಿದಿದ್ದ!

"ಒಂದು ಮಾತು ಕೇಳಬಾರದಿತ್ತಾ ನೀವು?" ಎಂದ. ಕೋಪವೇ ಇತ್ತು ಆ ಮಾತಿನಲ್ಲಿ.

"ಕೇಳಬೇಕಿತ್ತು... ತಪ್ಪು ನಂದೇ."

"ಪೂರ್ತಿ ನೀವೇ ಇಟ್ಕೋಬೇಡಿ. ಇನ್ನೊಂದ್ಸಲ ಬಂದು ಬಾಗಿಲು ತಟ್ಟಬೇಕಿತ್ತು ನಾನು. ನನಗೂ ಬಿಂಕ..."

ಹೊರಗೆ ಆಯಾ ಮೆಟ್ಟಿಲು ತೊಳೆಯುತ್ತಿದ್ದಳು. ಗೇಟಿನಾಚೆ ಬಸ್ಸೊಂದು ನಿಂತು, ಹಾರ್ನ್ ಹೊಡೆದು, ಹೊರಟುಹೋಯಿತು. ಅವನು ಏಳಲಿಲ್ಲ.

"ಹೋದ ವರ್ಷಗಳನ್ನ ಎಲ್ಲಿಂದ ತರೋಣ?" ಅವಳ ಕಣ್ಣು ತುಂಬಿತ್ತು.

"ಬರಲ್ಲ. ಅವು ಹೋದವು ಹೋದವೇ." ಆಮೇಲೆ ಅವನೇ ಕೇಳಿದ, "ಅವತ್ತು ಬಾಯಲ್ಲೇ ಹೇಳಿದ್ರೆ ಏನಂತಿದ್ರಿ?"

ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿಕೊಂಡಿತು. ಅವಳು ಸೆರಗಿನ ತುದಿ ಹಿಂಡಿದಳು. ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು. ಆಮೇಲೆ, ಬಿಕ್ಕುತ್ತಲೇ, ಒಂದೊಂದೇ ಅಕ್ಷರ ಕೂಡಿಸಿ ಹೇಳಿದಳು:

"ನೀವು... ನನಗೆ ಬೇಕು."

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಇನ್ನೊಂದ್ಸಲ ಹೇಳಿ."

"ಯಾಕೆ... ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ."