ಗೊಕ್‌ಬಾಯಿರಿನ ಸಾಲು

ಹರಿದ ಅಂಚನ್ನಷ್ಟೇ ಅಂಟಿಸು, ಅಕ್ಷರದ ಮೇಲೆ ಚೂರಿ ಆಡಿಸಬೇಡ ಎಂದು ಮುದುಕಿ ಬೆಹಿಜೆ ಹಾನಿಮ್ ಎರಡು ಸಲ ಹೇಳಿದಳು. ಇಸ್ತಾಂಬುಲಿನ ಹಳೆ ಪುಸ್ತಕದ ಪೇಟೆಯಲ್ಲಿ ಹೊಸದಾಗಿ ಅಂಗಡಿಯಿಟ್ಟಿದ್ದ ರುಶೆನ್ ನಕ್ಕ. ಅವಳು ರಿಪೇರಿಗೆ ತಂದದ್ದು ಮೂವತ್ತು ವರ್ಷದ ಹಿಂದೆ ಅಳಿದುಹೋದ ಉಸ್ಮಾನಿ ಸಾಮ್ರಾಜ್ಯದ ನಕಾಶೆ. ಒಂದೊಂದು ಊರಿನ ಪಕ್ಕದಲ್ಲೂ ಅಲ್ಲಿನ ಮನೆ, ಬಾವಿ, ಬೆಳೆಗಳ ವಿವರ. ಅವಳ ತಾತ ಮಂತ್ರ ಹಾಕಿ ಬರೆದದ್ದಂತೆ. ಅಲ್ಲಿ ಅಳಿಸಿದ ಊರು ನೆಲದ ಮೇಲೂ ಅಳಿಯುತ್ತದಂತೆ.

"ಹಾಗಾದ್ರೆ ಸುಲ್ತಾನರ ರಾಜ್ಯಾನ ಯಾರಮ್ಮ ಕೆರೆದಿದ್ದು?"

ಮುದುಕಿ ನಗಲಿಲ್ಲ.

ಅವಳು ಹೋದಮೇಲೆ ರುಶೆನ್ ಮಾವನ ಊರನ್ನು ಹುಡುಕಿದ. ಜಗಳವಾಡಿಕೊಂಡು ಹೆಂಡತಿ ನೆರ್ಮಿನ್ ಮಗಳೊಂದಿಗೆ ಅಲ್ಲಿಗೆ ಹೋಗಿ ವಾರವಾಗಿತ್ತು. 'ಗೊಕ್‌ಬಾಯಿರ್. ಅರವತ್ತು ಮನೆ, ಸಿಹಿನೀರಿನ ಎರಡು ಬಾವಿ. ಜನ ಉದಾರಿಗಳು.' ಉದಾರಿಗಳಂತೆ ಎಂದು ಗೊಣಗಿ, ಚೂರಿಯ ಮೊನೆಯಿಂದ ಆ ಸಾಲನ್ನು ಕೆರೆದೇಬಿಟ್ಟ. ಕಪ್ಪು ಪುಡಿ ಎದ್ದಿತು. ಒದ್ದೆ ಮಣ್ಣಿನ ವಾಸನೆ ಅಂಗಡಿಯನ್ನೆಲ್ಲ ತುಂಬಿತು. ಆಳದಲ್ಲೆಲ್ಲೋ ಬಾವಿಗೆ ಕೊಡ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಮರುದಿನ ನೆರ್ಮಿನ್‌ಗೆ ಫೋನ್ ಮಾಡಹೋದರೆ, ಟೆಲಿಫೋನ್ ಕಚೇರಿಯ ಹುಡುಗಿ ಪಟ್ಟಿಯನ್ನು ತಿರುವಿ ಹಾಕಿ, ಆ ಹೆಸರಿನ ಊರೇ ಇಲ್ಲವೆಂದಳು. ಆ ದಾರಿಯ ಲಾರಿಯವರನ್ನು ಕೇಳಿದ. ಅಲ್ಲಿ ಬರೀ ಕಲ್ಲುಬಯಲು ಎಂದರು. ಮಗಳ ಮುಖವನ್ನು ನೆನೆದುಕೊಂಡ. ಮೂಗು ನೆನಪಾಯಿತು, ಕಣ್ಣು ನೆನಪಾಗಲಿಲ್ಲ.

ಓಡಿಬಂದು ಆ ಸಾಲನ್ನು ಮತ್ತೆ ಬರೆಯಹೋದ. ಕೆಸುವಿನೆಲೆಯ ಮೇಲಿನ ನೀರಿನಂತೆ ಮಸಿ ಉರುಳಿಹೋಯಿತು. ಹತ್ತು ಸಲ ಬರೆದ, ಹತ್ತು ಸಲವೂ ಉರುಳಿತು. ಕೊನೆಗೆ ಹೋಗಿ ಮುದುಕಿಯ ಕಾಲು ಹಿಡಿದ.

"ಅದು ಹೊಸ ಮಸಿ ಹಿಡಿಯಲ್ಲ ಮಗಾ. ತನ್ನ ಮಸಿಯನ್ನೇ ಹಿಡಿಯೋದು."

"ಅಂದ್ರೆ?"

"ಇನ್ನೊಂದು ಊರಿಂದ ಕೆರೆದು ತಗೋಬೇಕು. ನಾನು ಮಾಡು ಅಂತಿಲ್ಲ. ನೀನು ಕೇಳಿದೆ, ಹೇಳಿದೆ."

ಜನರಿಲ್ಲದ ಊರಿಗಾಗಿ ನಕಾಶೆಯನ್ನೆಲ್ಲ ತಡಕಾಡಿದ. ಅಂಥದ್ದು ಒಂದೂ ಇರಲಿಲ್ಲ. ಮಗಳ ಹೆಸರು ನಾಲಿಗೆಯಿಂದ ಜಾರುತ್ತಿತ್ತು. ಗುಲ್... ಗುಲ್... ಮುಂದೇನು? ಬೆರಳು ಒಂದು ಸಾಲಿನ ಮೇಲೆ ನಿಂತಿತು. 'ದೆರೆಬಾಗ್. ನಲವತ್ತು ಮನೆ. ಒಳ್ಳೆಯ ಜೇನು.' ಕಣ್ಣು ಮುಚ್ಚಿಕೊಂಡ. ಕೆರೆದ. ಜೇನಿನ ವಾಸನೆ ಗಂಟಲಿಗೆ ಅಡರಿತು. ಎಲ್ಲೋ ಕುರಿಗಳ ಗಂಟೆ ಕೇಳಿಸುತ್ತಿತ್ತು. ತಟ್ಟನೆ ನಿಂತಿತು. ಪುಡಿಯನ್ನು ಎಂಜಲಲ್ಲಿ ಕಲಸಿದ. ಬರೆದ. ಅಕ್ಷರ ಹಿಡಿಯಿತು.

ಅವನು ಫೋನಿನಲ್ಲಿ ಅಂಗಲಾಚಿದ ಮೇಲೆ, ಮೂರನೆಯ ದಿನ ಮಧ್ಯಾಹ್ನ ನೆರ್ಮಿನ್ ಬಸ್ಸಿನಿಂದ ಇಳಿದಳು. ಕಂಕುಳಲ್ಲಿ ಗುಲ್ಚಿನ್. ರುಶೆನ್ ಮಗಳನ್ನು ಎತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

"ಇದೇನ್ರೀ, ಇಷ್ಟಕ್ಕೇ ಹೀಗಾ?" ಎಂದು ಅವಳು ನಕ್ಕಳು.

ಪಕ್ಕದ ಟಿಕೆಟ್ ಕಿಟಕಿಯಲ್ಲಿ ಒಬ್ಬ ಮುದುಕ ನಿಂತಿದ್ದ. ಕೈಯಲ್ಲಿ ಎರಡು ಖಾಲಿ ಜೇನಿನ ಡಬ್ಬ.

"ಇನ್ನೊಂದ್ಸಲ ನೋಡಪ್ಪ. ದೆರೆಬಾಗ್. ಮೊನ್ನೆ ಅಲ್ಲಿಂದಾನೇ ಬಂದಿದ್ದು ನಾನು. ಮೊಮ್ಮಗಳು ಕಾಯ್ತಿರ್ತಾಳೆ."

ಅಂಥ ಊರಿಲ್ಲವೆಂದು ಗುಮಾಸ್ತ ತಲೆಯಾಡಿಸಿದ. ಮುದುಕ ತಿರುಗಿ, ಹತ್ತಿರದಲ್ಲಿದ್ದ ರುಶೆನ್‌ನನ್ನು ನೋಡಿದ.

"ನೀನಾದ್ರೂ ಕೇಳಿದ್ದೀಯಾ ಮಗಾ?"

ರುಶೆನ್ ಮಗಳ ಮುಖವನ್ನು ತನ್ನ ಭುಜಕ್ಕೆ ಒತ್ತಿಕೊಂಡ.

"ಇಲ್ಲ," ಎಂದ.